ಕುದ್ರುವಿನ ಬಾವಿ



ಮಾರ್ಚ್ ತಿಂಗಳ ಸಂಚಿಕೆಯಲ್ಲಿ ಈ ಅಂಕಣ ಯಾಕೆ ಇರಲಿಲ್ಲ ಎಂದು ನಿಮ್ಮಲ್ಲಿ ಇಬ್ಬರು ಫೋನ್ ಮಾಡಿ ಕೇಳಿದ್ದಿರಿ. (ಉಳಿದವರು ಗಮನಿಸಿಯೇ ಇಲ್ಲ ಎಂದು ಸಂಪಾದಕರ ಚೇಷ್ಟೆ.) ನಾನು ಊರಿಗೆ ಹೋಗಿದ್ದೆ. ತವರಿಗಲ್ಲ, ಗೆಳತಿಯೊಬ್ಬಳ ತೋಟಕ್ಕೆ. ಅಲ್ಲಿ ನಾನೊಂದು ತಪ್ಪು ಮಾಡಿ ಬಂದೆ. ಅದರ ಫಲ ಏನಾಗುತ್ತದೆಂದು ತಿಳಿಯುವವರೆಗೆ ಬರೆಯಲು ಮನಸ್ಸಾಗಲಿಲ್ಲ.

ಗೆಳತಿ ನಿಮ್ಮಲ್ಲಿ ಕೆಲವರಿಗೆ ಗೊತ್ತಿರುವವಳೇ. ಬೈಕುಲ್ಲಾದ ನಮ್ಮ ಚಾಳಿನಲ್ಲಿ ನಮ್ಮಿಂದ ಎರಡು ಬಾಗಿಲು ಆಚೆ ಇದ್ದಳು. ಇಪ್ಪತ್ತು ವರ್ಷ ನಾವಿಬ್ಬರೂ ಬೈಕುಲ್ಲಾ ತರಕಾರಿ ಮಾರುಕಟ್ಟೆಗೆ ಒಂದೇ ಚೀಲ ಹಿಡಿದು ಹೋಗಿ, ಒಂದೇ ಕಟ್ಟು ಹರಿವೆ ಸೊಪ್ಪನ್ನು ಪಾಲು ಮಾಡಿಕೊಂಡವರು. ಯಜಮಾನರು ತೀರಿಕೊಂಡ ಮೇಲೆ, ಮಗ ಠಾಣೆಯಲ್ಲಿ ಮನೆ ಮಾಡಿ ಕರೆದರೂ ಹೋಗದೆ, ತಾಯಿಯ ಕಡೆಯಿಂದ ಪಾಲಿಗೆ ಬಂದ ಒಂದೂವರೆ ಎಕರೆಗೆ ಹೊರಟುಹೋದಳು. ಆ ಒಂದೂವರೆ ಎಕರೆ ಇರುವುದು ಒಂದು ಕುದ್ರುವಿನಲ್ಲಿ.

ಕುದ್ರು ಎಂದರೆ ಹೊಳೆಯ ನಡುವಿನ ದ್ವೀಪ. ಘಟ್ಟದಿಂದ ಇಳಿದು ಬರುವ ಸ್ವರ್ಣಾ ಮತ್ತು ಸೀತಾ ನದಿಗಳು ಉಡುಪಿಯ ಉತ್ತರಕ್ಕೆ, ಕೋಡಿ ಬೆಂಗ್ರೆಯ ಹತ್ತಿರ ಜೊತೆಯಾಗಿ ಸಮುದ್ರ ಸೇರುತ್ತವೆ. ಸಮುದ್ರ ಹತ್ತಿರವಾದಂತೆ ನೀರಿನ ಓಟ ನಿಧಾನವಾಗಿ, ಹೊತ್ತು ತಂದ ಮಣ್ಣು ಮರಳು ಅಲ್ಲಲ್ಲಿ ತಂಗುತ್ತದೆ. ಹಾಗೆ ಹುಟ್ಟಿದವು ಕುದ್ರುಗಳು. ಕುಂದಾಪುರದ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟದ ಹೆಸರನ್ನು ನೀವು ಕೇಳಿರುತ್ತೀರಿ. ಕೆಮ್ಮಣ್ಣಿನಿಂದ ತಿಮ್ಮಣ್ಣ ಕುದ್ರುವಿಗೆ ಹೋಗುವ ತೂಗುಸೇತುವೆಯ ಮೇಲೆ ನಿಂತು ಫೋಟೋ ತೆಗೆಸಿಕೊಂಡವರೂ ನಿಮ್ಮಲ್ಲಿದ್ದೀರಿ. ನನ್ನ ಗೆಳತಿಯದು ಇವೆರಡೂ ಅಲ್ಲ. ಹೆಸರು ಬರೆಯಬೇಡ, ಜನ ಬರಲು ಶುರುಮಾಡುತ್ತಾರೆ ಎಂದಿದ್ದಾಳೆ. ಸೇತುವೆ ಇಲ್ಲ, ದೋಣಿಯಲ್ಲೇ ದಾಟಬೇಕು.

ಕುರ್ಲಾದಲ್ಲಿ ಮಧ್ಯಾಹ್ನ ಮತ್ಸ್ಯಗಂಧ ಹತ್ತಿದರೆ ಮರುದಿನ ಬೆಳಗಾಗುವಾಗ ಉಡುಪಿ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗುವ ಮೊದಲು ಇದೇ ದಾರಿಗೆ ನಾವು ಬಸ್ಸಿನಲ್ಲಿ ಒಂದು ಹಗಲು ಒಂದು ರಾತ್ರಿ ಕೂತು ಸೊಂಟ ಕಳೆದುಕೊಳ್ಳುತ್ತಿದ್ದೆವು. ಈ ಸಲ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ದೋಣಿಯವನು ಉದ್ದ ಕೋಲು ಊರಿ ಹತ್ತು ನಿಮಿಷದಲ್ಲಿ ದಾಟಿಸಿದ. ಮಗಳು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಕೆಸರಿಗೆ ಇಳಿದಾಗ ಗೆಳತಿ ನಕ್ಕಳು. "ಬಾ ಮಗಾ, ಇಲ್ಲಿ ಲಿಫ್ಟ್ ಇಲ್ಲ."

(ನಾವು ಮಾತಾಡಿದ್ದೆಲ್ಲ ತುಳುವಿನಲ್ಲಿ. ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

ತೋಟವೆಂದರೆ ಎಷ್ಟು? ಮೂವತ್ತು ಚಿಲ್ಲರೆ ತೆಂಗು, ಒಂದು ತುಂಡು ಗದ್ದೆ, ಮನೆಯ ಹಿಂದೆ ಅಲಸಂಡೆ, ಬೆಂಡೆ, ಹರಿವೆಯ ಸಾಲು, ಬಾವಿಕಟ್ಟೆಯ ಬದಿಯಲ್ಲಿ ಬಸಳೆ ಚಪ್ಪರ. ಗದ್ದೆಯಲ್ಲಿ ಏಣೆಲು ಬೆಳೆ ಮಾತ್ರ. ಮಳೆಗಾಲದ ನೆರೆ ಬಂದು ಉಪ್ಪನ್ನು ತೊಳೆದುಕೊಂಡು ಹೋದಾಗ ಭತ್ತ ಏಳುತ್ತದೆ. ಮಳೆ ನಿಂತು ಹೊಳೆ ಬಡವಾದ ಮೇಲೆ ಭರತದ ಜೊತೆ ಸಮುದ್ರದ ನೀರೇ ಮೇಲಕ್ಕೆ ಬರುತ್ತದೆ. ಆಗ ಗದ್ದೆಗೂ ಹೊಳೆಗೂ ನಡುವೆ ಇರುವುದು ಕೆಂಪುಕಲ್ಲಿನ ಒಂದು ದಂಡೆ, ಅಷ್ಟೆ. ಅದಕ್ಕೆ ಏಡಿಗಳು ತೂತು ಕೊರೆಯುತ್ತವೆ. ಬೆರಳು ಹೋಗುವಷ್ಟು ತೂತಾದರೂ ಸಾಕು, ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಭರತಕ್ಕೆ ಗದ್ದೆಯ ಮೂಲೆ ಉಪ್ಪಾಗುತ್ತದೆ. ಹಾಗಾಗಿ ಆ ಎರಡು ದಿನ ಅವಳು ಹಾರೆ ಹಿಡಿದು ದಂಡೆಯ ಉದ್ದಕ್ಕೂ ನಡೆಯುತ್ತಾಳೆ. ನಮ್ಮ ಚಾಳಿನಲ್ಲಿ ಜಿರಳೆ ಕಂಡರೆ ಮಂಚ ಹತ್ತುತ್ತಿದ್ದವಳು!

ಸಂಜೆ ದಂಡೆಯ ಮೇಲೆ ಕೂತಾಗ ನನ್ನೊಳಗಿನ ಬಿ.ಎ. ಎಚ್ಚರವಾಯಿತು. ನಮಗೆ ಯೇಟ್ಸ್ ಕವಿಯ ಇನ್ನಿಸ್‌ಫ್ರೀ ದ್ವೀಪದ ಕವಿತೆ ಪಾಠಕ್ಕಿತ್ತು, 1890ರಲ್ಲಿ ಅಚ್ಚಾದದ್ದು. ಲಂಡನ್ನಿನ ಬೀದಿಯಲ್ಲಿ ನಡೆಯುತ್ತಿದ್ದಾಗ ಅಂಗಡಿಯ ಕಿಟಕಿಯಲ್ಲಿದ್ದ ಸಣ್ಣ ಕಾರಂಜಿಯ ಸದ್ದು ಕೇಳಿ ಅವನಿಗೆ ಊರಿನ ಸರೋವರದ ನೆನಪಾಯಿತಂತೆ. ಅಲ್ಲಿಗೆ ಹೋಗಿ ಗುಡಿಸಲು ಕಟ್ಟಿ ಬೀನ್ಸ್ ಬೆಳೆದುಕೊಂಡು ಒಬ್ಬನೇ ಇರುವ ಆಸೆಯ ಪದ್ಯ. ಗೆಳತಿಗೆ ವಿವರಿಸಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ. "ಹೋಗಿ ಇದ್ದನಾ?" ಇಲ್ಲ ಎಂದೆ. "ಮತ್ತೆ ಬೀನ್ಸಿಗೆ ನೀರು ಹಾಕಿದ್ದು ಯಾರು ಮಾರಾಯ್ತಿ?" ನಮ್ಮ ಪ್ರೊಫೆಸರರು ಈ ಪ್ರಶ್ನೆ ಕೇಳಿರಲಿಲ್ಲ.

ನೀರಿನ ವಿಷಯಕ್ಕೇ ಬಂದೆ. ಮರುದಿನ ಅವಳು ದೋಣಿ ದಾಟಿ ಪೇಟೆಗೆ ಹೋಗಿದ್ದಳು. ಬಂದ ಅತಿಥಿ ಸುಮ್ಮನೆ ಕೂರುವುದೇ? ಬಾವಿಗೆ ಅರ್ಧ ಎಚ್.ಪಿ.ಯ ಪಂಪು ಇತ್ತು. ಗುಂಡಿ ಒತ್ತಿದೆ. ಬೈಕುಲ್ಲಾದಲ್ಲಿ ಬೆಳಗಿನ ಜಾವ ನೀರು ಬರುವಾಗ ನಾವೇನು ಮಾಡುತ್ತೇವೆ? ಪೀಪಾಯಿ, ಹಂಡೆ, ಬಾಲ್ದಿ, ಕೊನೆಗೆ ಕುಕ್ಕರಿನವರೆಗೆ ತುಂಬಿಸಿಡುತ್ತೇವೆ. ಮೂವತ್ತು ವರ್ಷದ ಅಭ್ಯಾಸ. ಅವಳ ಮನೆಯಲ್ಲಿದ್ದ ಪಾತ್ರೆಗಳನ್ನೆಲ್ಲ ತುಂಬಿಸಿದೆ, ಅಂಗಳಕ್ಕೆ ಚಿಮುಕಿಸಿದೆ, ಮಗಳ ತಲೆಸ್ನಾನವಾಯಿತು, ತರಕಾರಿ ಸಾಲಿಗೂ ಪೈಪು ಬಿಟ್ಟೆ. ಒಂದೂವರೆ ಗಂಟೆ ಪಂಪು ಓಡಿತು. ಗೆಳತಿ ಮೆಚ್ಚುತ್ತಾಳೆ ಎಂದುಕೊಂಡು ಕಾಫಿಗೆ ಹೊಸ ನೀರು ಇಟ್ಟೆ. ಮಗಳು ಒಂದು ಗುಟುಕು ಕುಡಿದು, "ಅಮ್ಮಾ, ಸಕ್ಕರೆ ಬದಲು ಉಪ್ಪು ಹಾಕಿದ್ದೀಯಾ?" ಎಂದಳು.

ಗೆಳತಿ ಬಂದು, ಬಾವಿಯ ನೀರನ್ನು ಬೆರಳಲ್ಲಿ ಮುಟ್ಟಿ ನಾಲಗೆಗಿಟ್ಟು, ಬಾವಿಕಟ್ಟೆಯ ಮೇಲೆ ಕೂತಳು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ಆಮೇಲೆ ಹೇಳಿದಳು. ಕುದ್ರುವಿನ ಬಾವಿಗೆ ಸೆಲೆ ಎಂಬುದಿಲ್ಲ. ಮಳೆಗಾಲದಲ್ಲಿ ಮರಳೊಳಗೆ ಇಂಗಿದ ನೀರೇ ವರ್ಷವಿಡೀ ಬಾಳಬೇಕು. ಸಿಹಿನೀರು ಉಪ್ಪುನೀರಿಗಿಂತ ಹಗುರ, ಆದ್ದರಿಂದ ನೆಲದಡಿಯ ಉಪ್ಪುನೀರಿನ ಮೇಲೆ ಹಾಲಿನ ಕೆನೆಯ ಹಾಗೆ ಕೂತಿರುತ್ತದೆ. ಕೊಡಪಾನದಲ್ಲಿ ಸ್ವಲ್ಪಸ್ವಲ್ಪವಾಗಿ ಸೇದಿದರೆ ಕೆನೆ ಬರುತ್ತದೆ. ಪಂಪಿನಲ್ಲಿ ಒಮ್ಮೆಲೇ ಎಳೆದರೆ ಅಡಿಯ ಉಪ್ಪು ಮೇಲೆದ್ದು ಬರುತ್ತದೆ. ಬೇಸಗೆಯಲ್ಲಿ ಅವಳು ದಿನಕ್ಕೆ ಹತ್ತು ನಿಮಿಷಕ್ಕಿಂತ ಹೆಚ್ಚು ಪಂಪು ಹಾಕುವುದಿಲ್ಲ. ಬಾವಿಗೆ ವಿಶ್ರಾಂತಿ ಕೊಟ್ಟರೆ ಉಪ್ಪು ಇಳಿಯಲೂಬಹುದು, ಇಳಿಯದಿದ್ದರೆ ಮಳೆಯೇ ಬರಬೇಕು. ಬಂದದ್ದು ಮಾರ್ಚ್, ಮಳೆ ಜೂನ್. ನಡುವಿನ ದಿನಗಳ ಕುಡಿಯುವ ನೀರು ಕ್ಯಾನಿನಲ್ಲಿ ದೋಣಿ ದಾಟಿ ಬರಬೇಕು. ನಾವು ಹೊರಡುವ ದಿನ ಅಲಸಂಡೆಯ ಎಲೆಗಳ ಅಂಚು ಕಂದಾಗಿ ಮುರುಟಿತ್ತು. "ಹರಿವೆ ಗಟ್ಟಿ, ಅದು ಉಳಿದೀತು" ಎಂದಳು, ನನ್ನನ್ನು ಸಮಾಧಾನ ಮಾಡುವ ಹಾಗೆ.

ರೈಲಿನಲ್ಲಿ ನಿದ್ದೆ ಬರಲಿಲ್ಲ. ನಾವಾದರೂ ಕೂತಿರುವುದು ಎಲ್ಲಿ? ಮುಂಬಯಿಯೂ ಏಳು ದ್ವೀಪಗಳಾಗಿತ್ತು. ಮಹಾಲಕ್ಷ್ಮಿಯ ಹತ್ತಿರದ ಕಂಡಿಯಿಂದ ಭರತದ ನೀರು ನುಗ್ಗಿ ಬೈಕುಲ್ಲಾದ ತಗ್ಗನ್ನೆಲ್ಲ ಮುಳುಗಿಸುತ್ತಿತ್ತು. ಗವರ್ನರ್ ಹಾರ್ನ್‌ಬಿಯ ಕಾಲದಲ್ಲಿ, 1784ರ ಹೊತ್ತಿಗೆ, ಅಲ್ಲಿ ಒಡ್ಡು ಕಟ್ಟಿ ಮುಚ್ಚಿದರು. ಬೈಕುಲ್ಲಾಕ್ಕೆ ಮರಾಠಿಯಲ್ಲಿ ಭಾಯಖಳಾ ಎನ್ನುತ್ತಾರಲ್ಲ, ಅದರ 'ಖಳಾ' ಎಂದರೆ ತೆನೆ ಬಡಿಯುವ ಕಣ ಎಂದು ಒಂದು ಅರ್ಥ ಹೇಳುತ್ತಾರೆ. ಹಾಗಿದ್ದರೆ ನಮ್ಮ ಚಾಳಿನ ಅಡಿಯಲ್ಲೂ ಯಾರದೋ ಭತ್ತದ ಕಣವಿದ್ದೀತು. ಒಡ್ಡನ್ನು ನೋಡಿಕೊಳ್ಳುವವರು ಯಾರೋ ಇದ್ದಾರೆ ಎಂಬ ಧೈರ್ಯದಲ್ಲಿ ನಾವು ಅದನ್ನು ಮರೆತಿದ್ದೇವೆ. ದೊಡ್ಡ ಮಳೆಯೂ ಭರತವೂ ಒಟ್ಟಿಗೆ ಬಂದಾಗ ಮಾತ್ರ ನೆನಪಾಗುತ್ತದೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತು. ನೀವು ಕೆಲವರು ಆಗ ತೊಟ್ಟಿಲಲ್ಲಿದ್ದಿರಿ.

ಗೆಳತಿಯ ಮಗನ ವಿಷಯ ಹೇಳಲೇಬೇಕು, ಅವನು ನಿಮ್ಮವನೇ. ಹೋಮ್‌ಸ್ಟೇ ಮಾಡುವವರೊಬ್ಬರು ಜಾಗ ಕೇಳಿದ್ದಾರೆ. ಮಾರಿ ಬಾ ಎಂದು ಅವನು. ಸ್ವಾರ್ಥಿ ಎಂದುಕೊಳ್ಳಬೇಡಿ. ಅಮ್ಮನಿಗೆ ರಾತ್ರಿ ಎದೆನೋವು ಬಂದರೆ ದೋಣಿ ಯಾರು ತರುತ್ತಾರೆ ಎಂದು ಕೇಳುತ್ತಾನೆ. ಅದಕ್ಕೆ ಅವಳ ಹತ್ತಿರವೂ ಉತ್ತರವಿಲ್ಲ, ನನ್ನ ಹತ್ತಿರವೂ ಇಲ್ಲ. ಆದರೆ ಅವನು, ನಿಮ್ಮೆಲ್ಲರ ಹಾಗೆ, ಊರನ್ನು ನೋಡಿದ್ದು ಮೇ ತಿಂಗಳಲ್ಲಿ ಮಾತ್ರ. ಮಾವಿನಹಣ್ಣು, ನೇಮ, ಮದುವೆ, ಸಮುದ್ರಸ್ನಾನ. ಮೇಯಲ್ಲಿ ಬಂದವರಿಗೆ ದಂಡೆ ಕೂರಲು ಚೆಂದದ ಜಾಗ. ಅದು ಕುಸಿಯುವುದು ಮಳೆಗಾಲದ ನೆರೆಗೆ, ಕಟ್ಟುವುದು ದೀಪಾವಳಿ ಕಳೆದ ಮೇಲೆ. ಒಂದೊಂದು ಕಲ್ಲೂ ದೋಣಿಯಲ್ಲೇ ಬರಬೇಕಾದ್ದರಿಂದ ಕೆಲಸದವರು ಒಪ್ಪುವುದಿಲ್ಲ. "ಮಾರುವುದಾದರೆ ಮಾರು, ಆದರೆ ಒಂದು ಸಲ ದಂಡೆ ಕಟ್ಟುವ ವಾರ ಬಂದು ನೋಡಿ ಆಮೇಲೆ ಹೇಳು" ಎಂದು ಅವನಿಗೆ ನಾನೇ ಫೋನಿನಲ್ಲಿ ಹೇಳಿದೆ. ಬಾವಿ ಕೆಡಿಸಿದವಳಿಗೆ ಬುದ್ಧಿ ಹೇಳುವ ಹಕ್ಕು ಎಲ್ಲಿಂದ ಬಂತೋ! ದೀಪಾವಳಿಗೆ ರಜೆ ಕೇಳಿದ್ದಾನಂತೆ. ಸಿಗುತ್ತದೋ ನೋಡಬೇಕು.

ಏಪ್ರಿಲ್, ಮೇ ತಿಂಗಳಿಡೀ ಪ್ರತಿ ಭಾನುವಾರ ಫೋನು ಮಾಡಿ ಬಾವಿಯ ಆರೋಗ್ಯ ವಿಚಾರಿಸಿದೆ. ಉಪ್ಪು ಇಳಿದಿರಲಿಲ್ಲ. ಕ್ಯಾನಿನ ದೋಣಿ ನಡೆದೇ ಇತ್ತು. ದುಡ್ಡು ಕಳಿಸುತ್ತೇನೆ ಎಂದಾಗ ಮಾತ್ರ ಮೊದಲ ಬಾರಿಗೆ ಸಿಟ್ಟಾದಳು.

ಜುಲೈ ಕೊನೆಗೆ ಅವಳ ಸಂಬಂಧಿಕರೊಬ್ಬರು ಮತ್ಸ್ಯಗಂಧದಲ್ಲಿ ಬಂದು ನಮ್ಮ ಬಾಗಿಲು ತಟ್ಟಿದರು. ಒಂದು ಚೀಲದಲ್ಲಿ ಹತ್ತು ತೆಂಗಿನಕಾಯಿ, ಅಲಸಂಡೆಯ ಒಂದು ಹಿಡಿ ಒಣಬೀಜ, ಜೊತೆಗೆ ಬಟ್ಟೆ ಸುತ್ತಿದ ಒಂದು ಬಾಟಲಿ ನೀರು. ನಾನೂ ಯಜಮಾನರೂ ಮಗಳೂ ಒಂದೊಂದು ಗುಟುಕು ಕುಡಿದೆವು. ಮಗಳು ನಾಲಗೆ ಚಪ್ಪರಿಸಿ, ಸ್ವಲ್ಪ ಯೋಚಿಸಿ ಹೇಳಿದಳು:

"ಸಪ್ಪೆ."

ತಕ್ಷಣ ಕುದ್ರುವಿಗೆ ಫೋನು ಹಚ್ಚಿದೆ.