ದಾಸರ ನೆಲದಲ್ಲಿ ಹಾಡು ಹಂಚಿದರೆ ಜೈಲೇ?

ಕನ್ನಡದ ತರುಣ ಗೆಳೆಯರೇ,

ಹಳೆಯ ಕ್ಯಾಸೆಟ್ಟಿನ ಒಂದು ದಾಸರ ಪದವನ್ನು ನಿಮ್ಮ ಮೊಬೈಲಿಗೆ ಇಳಿಸಿಕೊಂಡಿದ್ದೀರಿ. ರಾಯಚೂರಿನ, ಬೆಂಗಳೂರಿನ ಗೆಳೆಯರಿಗೆಲ್ಲ ಕಳಿಸುತ್ತೀರಿ. ಯಾರಿಂದಲೂ ಒಂದು ಕಾಸು ಪಡೆದಿಲ್ಲ. ಆದರೂ 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಂ ನಿಮ್ಮನ್ನು ಅಪರಾಧಿ ಎನ್ನಬಹುದು! 6 ತಿಂಗಳಿಂದ 3 ವರ್ಷ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಲಾಭಕ್ಕಾಗಿ ಮಾಡಿಲ್ಲವೆಂದರೆ ನ್ಯಾಯಾಲಯ ಶಿಕ್ಷೆ ಇಳಿಸಬಹುದು, ಅಷ್ಟೇ. ಅಪರಾಧವೆಂಬ ಹಣೆಪಟ್ಟಿ ಹೋಗದು!

ಇದು ಯಾರ ನೆಲ? ಮಾನ್ವಿ ಸೀಮೆಯ ಚೀಕಲಪರ್ವಿಯಲ್ಲಿ ವಿಜಯದಾಸರು, ಬ್ಯಾಗವಾಟದಲ್ಲಿ ಜಗನ್ನಾಥದಾಸರು, ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಗೋಪಾಲದಾಸರು ಹುಟ್ಟಿದ ನೆಲ. ಅವರು ಹಾಡಿಗೆ ಬೇಲಿ ಹಾಕಲಿಲ್ಲ, ಅಂಕಿತ ಹಾಕಿದರು. ವಿಜಯವಿಠಲ ಎಂದರೆ ಯಾರ ಪದವೆಂದು ಗೊತ್ತಾಯಿತು. ಪದ ಬಾಯಿಂದ ಬಾಯಿಗೆ ಹೋಯಿತು. ಹಂಚಿದ್ದರಿಂದಲೇ ಎರಡು ಶತಮಾನ ದಾಟಿ ಉಳಿಯಿತು!

ಆ ಪದಕ್ಕೆ ಇಂದು ಒಡೆಯರಿಲ್ಲ. ಆದರೆ ಅದನ್ನು ಹಾಡಿದ ಧ್ವನಿಮುದ್ರಣಕ್ಕೆ, ಪ್ರಕಟವಾದ ವರ್ಷ ಕಳೆದ ಮೇಲೆ 60 ವರ್ಷ ಒಡೆಯನಿದ್ದಾನೆ. 1980ರ ಕ್ಯಾಸೆಟ್ಟಿಗೆ 2040 ಮುಗಿಯುವವರೆಗೆ ಬೀಗ. ಕಂಪನಿ ಅದನ್ನು ಮಾರದೆ ಮೂಲೆಗೆ ಎಸೆದರೂ ಬೀಗ! ಅಷ್ಟರಲ್ಲಿ ಟೇಪಿಗೆ ಬೂಸ್ಟು ಹಿಡಿದರೆ ನಷ್ಟ ಯಾರಿಗೆ? ಕನ್ನಡಕ್ಕೆ!

"ಕಲಾವಿದನ ಹೊಟ್ಟೆಪಾಡೇನು?" ಎಂದು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹಾಡು ಕದ್ದು ಮಾರುವವನ ಪರ ನಾವಿಲ್ಲ; ಅವನಿಗೆ ಕಾನೂನಿನ ಬಿಸಿ ಮುಟ್ಟಲಿ. ಆದರೆ ಗೀತೆ ಬರೆದವರ, ರಾಗ ಹಾಕಿದವರ ರಾಯಲ್ಟಿ ಹಕ್ಕನ್ನು ಕಂಪನಿ ಬರೆಸಿಕೊಳ್ಳುವಂತಿಲ್ಲ ಎಂದು ನಮ್ಮ ಕಾಯ್ದೆ ಹೇಳಿದ್ದೇ 2012ರಲ್ಲಿ! ಅಲ್ಲಿಯವರೆಗೆ ಈ ಕಾಳಜಿ ಎಲ್ಲಿ ಮಲಗಿತ್ತು? ಜರ್ಮನಿಯನ್ನು ನೋಡಿ. ಮನೆಯಲ್ಲಿ ಹಾಡು ನಕಲು ಮಾಡಿಕೊಳ್ಳಲು ಬಿಟ್ಟು, ಧ್ವನಿಮುದ್ರಣ ಯಂತ್ರಗಳ ಮೇಲೆ 1965ರಲ್ಲೇ ಶುಲ್ಕ ಹಾಕಿ, ಹಕ್ಕುದಾರರಿಗೆ ಹಣ ಮುಟ್ಟಿಸುವ ದಾರಿ ಮಾಡಿತು.

ನಮ್ಮ ಬೇಡಿಕೆ ಸ್ಪಷ್ಟ. ಕಂಪನಿಗಳು ಮಾರದೆ ಬಿಟ್ಟ ಕನ್ನಡ ಹಾಡುಗಳನ್ನು ಲಾಭವಿಲ್ಲದೆ ಹಂಚುವುದು ಕಾನೂನುಬದ್ಧವಾಗಲಿ. ಮೊಬೈಲ್ ಕಂಪನಿಗಳಿಂದ ಶುಲ್ಕ ಪಡೆದು ಕವಿಗೆ, ಗಾಯಕನಿಗೆ, ವಾದ್ಯದವನಿಗೆ ಕೊಡಲಿ.

ಕೃತಿಸ್ವಾಮ್ಯ ಕೇಂದ್ರದ ಪಟ್ಟಿಯಲ್ಲಿರುವ ವಿಷಯ. ಆದ್ದರಿಂದ ತರುಣರೇ, ಮತ ಕೇಳಲು ಬರುವ ಸಂಸದರನ್ನು ಹಿಡಿದು ನಿಲ್ಲಿಸಿ ಕೇಳಿ: ಕನ್ನಡದ ಹಾಡಿಗಾಗಿ ದಿಲ್ಲಿಯಲ್ಲಿ ಎಂದಾದರೂ ಬಾಯಿ ಬಿಟ್ಟಿದ್ದೀರಾ?

ಸಿರಿಗನ್ನಡಂ ಗೆಲ್ಗೆ!