ಗೂಟಿ ಕಟ್ಟಿದ ಟೊಂಗೆಗೆ ಬೇರು ಬರುವುದು ಹೇಗೆ?

ದಾಳಿಂಬೆ ಬೀಜ ಬಿತ್ತಿದರೆ ಗಿಡವೇನೋ ಬರುತ್ತದೆ. ಆದರೆ ತಾಯಿಗಿಡದ ಹಣ್ಣಿನ ಬಣ್ಣ, ರುಚಿ ಅದರಲ್ಲೂ ಬಂದೀತೆಂಬ ಖಾತರಿಯಿಲ್ಲ. ಬಾಗಲಕೋಟೆ, ವಿಜಯಪುರ, ಕೊಪ್ಪಳದ ಕಡೆ ಭಗವಾ ತಳಿಯ ದಾಳಿಂಬೆಗೆ ಗೂಟಿ ಕಟ್ಟುವುದು, ಅಂದರೆ ಟೊಂಗೆ ಗಿಡದಲ್ಲಿರುವಾಗಲೇ ಅದಕ್ಕೆ ಬೇರು ಬರಿಸುವುದು, ಇದಕ್ಕೇ.

ಪೆನ್ಸಿಲ್ ದಪ್ಪದ ಆರೋಗ್ಯವಂತ ಟೊಂಗೆಯಲ್ಲಿ ಸುಮಾರು ಎರಡೂವರೆ ಸೆಂ.ಮೀ. ಅಗಲಕ್ಕೆ ತೊಗಟೆಯನ್ನು ಉಂಗುರದಂತೆ ಬಿಡಿಸುತ್ತಾರೆ. ಟೊಂಗೆ ಒಣಗುವುದಿಲ್ಲವೇ ಎಂಬ ಭಯ ಸಹಜ. ಒಣಗುವುದಿಲ್ಲ: ಬೇರಿನಿಂದ ನೀರು ಏರುವುದು ಒಳಗಿನ ಕಟ್ಟಿಗೆಯಲ್ಲಿ, ಅದಕ್ಕೆ ನಾವು ಕೈ ಹಚ್ಚಿಲ್ಲ. ಎಲೆಯಲ್ಲಿ ತಯಾರಾದ ಸಕ್ಕರೆ ಕೆಳಗಿಳಿಯುವುದು ತೊಗಟೆಯಲ್ಲಿ. ಆ ದಾರಿ ಕಡಿದಾಗ ಸಕ್ಕರೆಯೂ ಚಿಗುರಿನಿಂದ ಇಳಿಯುವ ಆಕ್ಸಿನ್ ಎಂಬ ಚೋದಕವೂ ಗಾಯದ ಮೇಲಂಚಿನಲ್ಲಿ ಶೇಖರವಾಗುತ್ತವೆ. ಅಲ್ಲಿ ಕತ್ತಲೆ, ತೇವ, ಗಾಳಿ ಮೂರೂ ಸಿಕ್ಕರೆ ಬೇರೊಡೆಯುತ್ತದೆ. ನೆನೆಸಿ ಹಿಂಡಿದ ಪಾಚಿಯನ್ನು ಸುತ್ತಿ ಪ್ಲಾಸ್ಟಿಕ್ ಹಾಳೆಯಿಂದ ಎರಡೂ ತುದಿ ಬಿಗಿಯುವುದು ಈ ಮೂರನ್ನೂ ಒದಗಿಸಲು. ಬೇರೂರಿಸುವ ಚೋದಕ ಹಚ್ಚುವವರು ಮೇಲಂಚಿಗೇ ಹಚ್ಚಬೇಕು.

ಅನೇಕರು ಸೋಲುವುದು ಒಂದು ಸಣ್ಣ ವಿಷಯದಲ್ಲಿ. ತೊಗಟೆ ಬಿಡಿಸಿದ ಮೇಲೆ ಕಟ್ಟಿಗೆಯ ಮೇಲೆ ಜಾರುವ ತೆಳುಪದರ ಉಳಿದಿರುತ್ತದೆ. ಅದನ್ನು ಚಾಕುವಿನಿಂದ ಕೆರೆದು ತೆಗೆಯದಿದ್ದರೆ ಹೊಸ ತೊಗಟೆ ಬೆಳೆದು ಗಾಯ ಮುಚ್ಚಿಹೋಗುತ್ತದೆ, ಬೇರು ಬರುವುದಿಲ್ಲ.

ಮಳೆಗಾಲ ಒಳ್ಳೆಯ ಕಾಲ. ಒಂದೆರಡು ತಿಂಗಳಲ್ಲಿ ಹಾಳೆಯೊಳಗೆ ಬೇರು ಕಾಣುತ್ತದೆ. ಚೆನ್ನಾಗಿ ತುಂಬಿಕೊಂಡ ಮೇಲೆ ಗಂಟಿನ ಕೆಳಗೆ ಕತ್ತರಿಸಿ, ಎಲೆಗಳನ್ನು ಸ್ವಲ್ಪ ಕಡಿಮೆ ಮಾಡಿ, ಚೀಲಕ್ಕೆ ನೆಟ್ಟು ನೆರಳಲ್ಲಿಡಬೇಕು. ಈ ಗಿಡಕ್ಕೆ ತಾಯಿಬೇರು ಇರುವುದಿಲ್ಲ, ಹಾಗಾಗಿ ಗಾಳಿ ಬೀಸುವ ಕಡೆ ಊರುಗೋಲು ಬೇಕು.

ಮನೆಯಂಗಳದ ಮಲ್ಲಿಗೆಗೆ ಇಷ್ಟು ಸಾಹಸ ಬೇಡ. ಉದ್ದನೆಯ ಬಳ್ಳಿಯನ್ನು ಬಗ್ಗಿಸಿ, ಗೆಣ್ಣಿನ ಕೆಳಗೆ ಕಚ್ಚು ಹಾಕಿ, ತುದಿ ಹೊರಗಿರುವಂತೆ ಮಣ್ಣು ಮುಚ್ಚಿ ಕಲ್ಲು ಹೇರಿದರೆ ಸಾಕು.

ದಾಳಿಂಬೆ ಬೆಳೆಗಾರರಿಗೆ ಒತ್ತಿ ಹೇಳಬೇಕಾದ ಮಾತು ಬೇರೆಯೇ ಇದೆ. ಗೂಟಿಯಲ್ಲಿ ತಾಯಿಗಿಡದ ಗುಣದ ಜೊತೆ ರೋಗವೂ ಬರಬಹುದು. ದುಂಡಾಣು ಅಂಗಮಾರಿ ಸೋಂಕಿದ ಸಸಿಯ ಮೂಲಕವೇ ದೂರದ ಹೊಸ ತೋಟಕ್ಕೆ ದಾಟುತ್ತದೆ. ಸಸಿ ಎಳೆಯದಾಗಿದ್ದಾಗ ಎಲೆಯಲ್ಲಿ ಏನೂ ಕಾಣದೆಯೂ ಇರಬಹುದು. ಕಾಯಿ ಮೇಲೆ ಕಪ್ಪು ಕಲೆ, ಬಿರುಕು ಕಂಡ ತೋಟದಿಂದ ಒಂದು ಟೊಂಗೆಯನ್ನೂ ತರಬಾರದು. ಸಸಿ ಕೊಳ್ಳುವವರು ದರ ವಿಚಾರಿಸುವ ಮೊದಲು ತಾಯಿಗಿಡಗಳಿರುವ ತೋಟವನ್ನು ತೋರಿಸಿ ಎಂದು ನರ್ಸರಿಯವರನ್ನು ಕೇಳಲೇಬೇಕು.