ಕಾಶೀಯಾತ್ರೆಗೆ ಕಾಲವಾವುದು?

ಕಳೆದ ತಿಂಗಳಿನ ಸಂಚಿಕೆಯನ್ನೋದಿದ ವಾಚಕ ಮಹಾಶಯರೊಬ್ಬರು ನಮಗೊಂದು ಕಾಗದವನ್ನು ಬರೆದಿದ್ದಾರೆ. ಅವರ ತಂದೆತಾಯಿಗಳಿಬ್ಬರಿಗೂ ಎಪ್ಪತ್ತು ದಾಟಿದೆ. ಕಾಶಿಯನ್ನು ಕಾಣಬೇಕೆಂಬ ಹಂಬಲವು ಇಬ್ಬರಿಗೂ ಬಹುಕಾಲದ್ದು. ಮಕ್ಕಳಿಗೆ ದೊಡ್ಡ ರಜೆ ದೊರೆಯುವುದು ಏಪ್ರಿಲ್, ಮೇ ತಿಂಗಳುಗಳಲ್ಲಿಯಾದುದರಿಂದ, ಮೇ ತಿಂಗಳ ಕಡೆಯ ವಾರದಲ್ಲಿ, ‘ಇಲ್ಲಿಯ ಸೆಕೆ ಇಳಿದ ಮೇಲೆ’, ಎಲ್ಲರೂ ಒಟ್ಟಿಗೆ ಹೊರಡುವುದೆಂದು ನಿಶ್ಚಯಿಸಿದ್ದಾರೆ. ಯಾವ ಯಾವ ಬಟ್ಟೆಬರೆಗಳನ್ನು ಕಟ್ಟಿಕೊಳ್ಳಬೇಕೆಂಬುದಷ್ಟೇ ಅವರ ಪ್ರಶ್ನೆ. ಹೊರಡತಕ್ಕ ಕಾಲವಾವುದೆಂದು ಅವರು ಕೇಳಿಲ್ಲ. ಕೇಳದ ಪ್ರಶ್ನೆಗೇ ನಾವು ಮೊದಲು ಉತ್ತರ ಹೇಳಬೇಕಾಗಿದೆ. ಇದನ್ನು ಅಧಿಕಪ್ರಸಂಗವೆಂದು ಅವರು ಎಣಿಸಬಾರದು. ಇದೇ ಲೆಕ್ಕವನ್ನು ನಾವೂ ಒಮ್ಮೆ ಹಾಕಿದ್ದೆವು, ಅದರ ಫಲವನ್ನೂ ಉಂಡಿದ್ದೇವೆ.

ನಮ್ಮ ಊರು ಹಾಸನದ ಸೀಮೆಯದು. ಅಲ್ಲಿ ಬಿಸಿಲು ಬಲವಾಗಿರುವುದು ಮಾರ್ಚಿಯಿಂದ ಏಪ್ರಿಲ್ ಕಡೆಯವರೆಗೆ. ಮೇ ತಿಂಗಳಿನಲ್ಲಿ ಸಂಜೆಯ ಹೊತ್ತು ಗುಡುಗು ಮಿಂಚುಗಳೊಡನೆ ನಾಲ್ಕು ಮಳೆಯಾದರೆ ನೆಲವು ತಂಪಾಗಿ, ತಿಂಗಳ ಕೊನೆಯ ಹೊತ್ತಿಗೆ ‘ಬೇಸಗೆ ಮುಗಿಯಿತು’ ಎಂದು ನಾವು ನಿಟ್ಟುಸಿರು ಬಿಡುತ್ತೇವೆ. ಕಾಶಿಯಲ್ಲಿ ಬೇಸಗೆಯು ತನ್ನ ತುತ್ತತುದಿಯನ್ನು ಮುಟ್ಟುವುದು ಆಗಲೇ. ಮುಂಗಾರು ಅಲ್ಲಿಗೆ ತಲಪುವುದು ಸಾಮಾನ್ಯವಾಗಿ ಜೂನ್ ಮೂರನೆಯ ವಾರದಲ್ಲಿ. ಅಲ್ಲಿಯವರೆಗೆ ಹಗಲಿನ ಉಷ್ಣಮಾನವು ೪೦ ಡಿಗ್ರಿಯನ್ನು ದಾಟುವುದು ದಿನದಿನದ ಮಾತು. ೪೫ಕ್ಕೆ ಏರುವ ದಿನಗಳೂ ಉಂಟು. ಪಶ್ಚಿಮದಿಂದ ‘ಲೂ’ ಎಂಬ ಬಿಸಿಗಾಳಿಯು ಬೀಸುತ್ತದೆ. ಒಲೆಯ ಬಾಯಿಯ ಮುಂದೆ ಮುಖವಿಟ್ಟವರಿಗೆ ಅದರ ಪರಿಚಯವನ್ನು ಬೇರೆ ಮಾಡಿಕೊಡಬೇಕಾದುದಿಲ್ಲ.

ಇಲ್ಲಿ ನಮ್ಮ ಉಪಾಧ್ಯಾಯವೃತ್ತಿಯ ಒಂದು ಮಾತು. ಕಾಳಿದಾಸನದೆಂದು ಪ್ರಸಿದ್ಧವಾದ ಋತುಸಂಹಾರವು ಗ್ರೀಷ್ಮದಿಂದ ಮೊದಲಾಗಿ ವಸಂತದಲ್ಲಿ ಮುಗಿಯುತ್ತದೆ. ಆ ಗ್ರೀಷ್ಮವರ್ಣನೆಯನ್ನು ನಾವು ವರ್ಷ ವರ್ಷವೂ ಮಕ್ಕಳಿಗೆ ಪಾಠ ಹೇಳಿದೆವು. ಅತಿಶಯೋಕ್ತಿಯೆಂದು ಅಲಂಕಾರದ ಹೆಸರನ್ನೂ ಬರೆಯಿಸಿದೆವು. ಹಲಸಿನ ಮರದ ನೆರಳಿನಲ್ಲಿ ಕುಳಿತು, ಹಸಿ ಗಾಳಿಯಲ್ಲಿ ಆ ಪಾಠವನ್ನು ಹೇಳುವವನಿಗೆ ಅದು ಅತಿಶಯೋಕ್ತಿಯಲ್ಲದೆ ಮತ್ತೇನಾಗಿ ತೋರೀತು? ನಮ್ಮ ಷಡೃತುಗಳ ಹೆಸರುಗಳು ಉತ್ತರ ದೇಶದ ನೆಲದಲ್ಲಿ ಅನುಭವಿಸಿ ಇಟ್ಟವುಗಳು. ಹೇಮಂತ ಶಿಶಿರಗಳನ್ನು ನಾವು ಸಂಕಲ್ಪದಲ್ಲಿ ಉಚ್ಚರಿಸುತ್ತೇವೆ. ಅಲ್ಲಿಯವರು ಅವುಗಳಲ್ಲಿ ನಡುಗುತ್ತಾರೆ.

೧೯೯೯ರ ಮೇ ತಿಂಗಳ ಕಡೆಯಲ್ಲಿ ನಾವು ನಮ್ಮ ತಾಯಿಯವರನ್ನು ಕಾಶಿಗೆ ಕರೆದುಕೊಂಡು ಹೋದೆವು. ಆಗ ಅವರಿಗೆ ಅರವತ್ತು ದಾಟಿತ್ತು, ಗಟ್ಟಿಮುಟ್ಟಾಗಿಯೇ ಇದ್ದರು. ಹಾಲು ಮಾರಿ ಉಳಿಸಿದ ಹಣವನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹನ್ನೊಂದು ವರ್ಷ ಕೂಡಿಹಾಕಿದ್ದರು. ಶಾಲೆಯ ರಜೆ ಮುಗಿಯುವುದರೊಳಗಾಗಿ ಹಿಂದಿರುಗಬೇಕೆಂಬುದೊಂದೇ ನಮಗಿದ್ದ ಚಿಂತೆ. ಮೊದಲನೆಯ ದಿನ ಪ್ರಾತಃಕಾಲದಲ್ಲಿ ಗಂಗಾಸ್ನಾನವಾಯಿತು. ದೇವಾಲಯದ ಸಾಲಿನಲ್ಲಿ ನಿಂತು ದರ್ಶನ ಮಾಡಿ ಹೊರಬರುವ ವೇಳೆಗೆ ಹನ್ನೊಂದು ಗಂಟೆ. ಮಡಿಯೆಂದು ಅವರು ಉಟ್ಟಿದ್ದುದು ದಪ್ಪನೆಯ ರೇಷ್ಮೆಯ ಸೀರೆ, ಬರಿಗಾಲು, ಕೆಳಗೆ ಕಾದ ಕಲ್ಲು ಹಾಸು. ಮಾರ್ಗದಲ್ಲಿ ನೀರು ಕುಡಿಯಿರೆಂದರೆ, ಊಟಕ್ಕೆ ಮುಂಚೆ ಬೇಡವೆಂದರು. ನಾವೂ ಬಲವಂತ ಮಾಡಲಿಲ್ಲ. ಛತ್ರಕ್ಕೆ ಬಂದವರೇ ತಲೆ ತಿರುಗಿ ಕುಸಿದುಬಿಟ್ಟರು. ಆಮೇಲಿನ ನಾಲ್ಕು ದಿನಗಳೂ ಅವರು ಆ ಕೋಣೆಯಲ್ಲಿ ಹಣೆಯ ಮೇಲೆ ಒದ್ದೆಯ ಬಟ್ಟೆಯೊಡನೆ ಮಲಗಿದ್ದರು. ವಿದ್ಯುಚ್ಛಕ್ತಿಯು ಬಂದಾಗ ಮಾತ್ರ ಪಂಖ ತಿರುಗುತ್ತಿತ್ತು. ವೈದ್ಯರು ಬಂದು ನೋಡಿ, ಪ್ರಾಣಕ್ಕೆ ಭಯವಿಲ್ಲವೆಂದೂ, ಬಿಸಿಲಿಗೆ ಮಾತ್ರ ಹೊರಡಿಸಕೂಡದೆಂದೂ ಹೇಳಿದರು. ಐದನೆಯ ದಿನ ನೇರವಾಗಿ ರೈಲಿಗೆ ಬಂದೆವು. ಮಣಿಕರ್ಣಿಕೆಯನ್ನು ಅವರು ನೋಡಲಿಲ್ಲ, ಬಿಂದುಮಾಧವನನ್ನು ನೋಡಲಿಲ್ಲ, ದೋಣಿಯನ್ನು ಏರಲಿಲ್ಲ. ‘ಗಂಗೆ ಕಂಡೆನಲ್ಲಪ್ಪ, ಸಾಕು’ ಎಂದರು. ಮತ್ತೊಮ್ಮೆ ಕರೆದೊಯ್ಯುವೆವೆಂದು ನಾವು ಹೇಳುತ್ತಲೇ ಇದ್ದೆವು. ೨೦೦೬ರಲ್ಲಿ ಅವರು ತೀರಿಕೊಂಡರು.

ಹಾಗಾದರೆ ಮಳೆಗಾಲವಾಗಬಹುದೆ ಎಂದು ಕೇಳುವವರಿದ್ದಾರೆ. ಕಾಶಿಯಲ್ಲಿ ಗಂಗೆಯು ಉತ್ತರವಾಹಿನಿಯಾಗಿ ಹರಿಯುತ್ತಾಳೆ; ಎಂಬತ್ತಕ್ಕೂ ಮೇಲ್ಪಟ್ಟ ಘಾಟುಗಳೆಲ್ಲ ಪಶ್ಚಿಮ ದಡದ ಮೇಲೆ ಸೂರ್ಯೋದಯಕ್ಕೆ ಮುಖಮಾಡಿಕೊಂಡಿವೆ. ಅಸ್ಸೀಘಾಟಿನಿಂದ ಮಣಿಕರ್ಣಿಕೆಯವರೆಗೆ ಮೆಟ್ಟಿಲಿನಿಂದ ಮೆಟ್ಟಿಲಿಗೆ ನಡೆದುಕೊಂಡೇ ಹೋಗಬಹುದೆಂಬುದು ಆ ನಗರದ ದೊಡ್ಡ ಭಾಗ್ಯ. ಆಗಸ್ಟ್ ಸೆಪ್ಟೆಂಬರುಗಳಲ್ಲಿ ಆ ದಾರಿಯು ನೀರಿನೊಳಗಿರುತ್ತದೆ. ನದಿಯು ೭೦.೨೬ ಮೀಟರಿಗೆ ಏರಿದರೆ ಎಚ್ಚರಿಕೆ, ೭೧.೨೬ಕ್ಕೆ ಏರಿದರೆ ಅಪಾಯವೆಂದು ಗುರುತು ಮಾಡಿದ್ದಾರೆ. ೧೯೭೮ರ ಸೆಪ್ಟೆಂಬರಿನಲ್ಲಿ ಅದು ೭೩.೯೦ಕ್ಕೆ ಏರಿತ್ತು, ೨೦೧೬ರಲ್ಲಿಯೂ ೨೦೨೧ರಲ್ಲಿಯೂ ಅಪಾಯದ ಗುರುತನ್ನು ದಾಟಿತು. ನೀರು ಮೇಲೇರಿದಾಗ ದೋಣಿಗಳನ್ನು ನಿಲ್ಲಿಸುತ್ತಾರೆ. ದಶಾಶ್ವಮೇಧದ ಸಾಯಂಕಾಲದ ಆರತಿಯು ಮಾಳಿಗೆಯ ಮೇಲಕ್ಕೆ ಹೋಗುತ್ತದೆ. ಮಣಿಕರ್ಣಿಕೆಯ ಚಿತೆಗಳೂ ಹಾಗೆಯೇ ಎತ್ತರಕ್ಕೆ ಸರಿಯುತ್ತವೆ. ಪಿತೃಪಕ್ಷದಲ್ಲಿ ಕಾಶಿಗೂ ಗಯೆಗೂ ಹೋಗಬೇಕೆನ್ನುವವರು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಶ್ರಾದ್ಧಕ್ಕಾಗಿ ಹೋಗತಕ್ಕವರು ಹೋಗಲಿ. ಕಾಲಿಗೆ ಬಲವಿಲ್ಲದ ವೃದ್ಧರನ್ನು ಜೊತೆಗೆ ಕರೆದೊಯ್ಯಲು ಅದು ಸಮಯವಲ್ಲ. ನೀರು ಇಳಿದ ಮೇಲೂ ಮೆಟ್ಟಿಲುಗಳ ಮೇಲೆ ಮೊಣಕಾಲುದ್ದ ಮೆಕ್ಕಲು ನಿಂತಿರುತ್ತದೆ. ಅದನ್ನು ನೀರು ಹಾಯಿಸಿ ತೊಳೆದು ಮುಗಿಸುವುದಕ್ಕೆ ವಾರಗಳೇ ಹಿಡಿಯುತ್ತವೆ.

ಪಂಚಾಂಗವನ್ನು ನೋಡಿ ದಿನ ಗೊತ್ತುಮಾಡುವವರಿಗೆ ಮತ್ತೊಂದು ತೊಡಕುಂಟು. ನಮ್ಮಲ್ಲಿ ಚಾಂದ್ರಮಾಸವು ಅಮಾವಾಸ್ಯೆಗೆ ಮುಗಿಯುತ್ತದೆ. ಅಲ್ಲಿ ಹುಣ್ಣಿಮೆಗೆ ಮುಗಿಯುತ್ತದೆ. ಶುಕ್ಲಪಕ್ಷದಲ್ಲಿ ಎರಡು ಕಡೆಯೂ ಒಂದೇ ಹೆಸರು. ಬಹುಳದಲ್ಲಿ ಮಾತ್ರ ಅವರು ನಮಗಿಂತ ಒಂದು ತಿಂಗಳ ಹೆಸರು ಮುಂದಿರುತ್ತಾರೆ. ನಮ್ಮ ಶಿವರಾತ್ರಿ ಮಾಘ ಬಹುಳ ಚತುರ್ದಶಿ. ಅದೇ ದಿನ ಅವರಿಗೆ ಫಾಲ್ಗುನ ಕೃಷ್ಣ ಚತುರ್ದಶಿ. ನಮ್ಮ ನೆರೆಮನೆಯವರೊಬ್ಬರು ಕಾಶಿಯ ಛತ್ರವೊಂದಕ್ಕೆ ‘ಕಾರ್ತಿಕ ಬಹುಳ ಪಂಚಮಿಗೆ ಬರುತ್ತೇವೆ, ಕೋಣೆಯನ್ನು ಇರಿಸಿರಿ’ ಎಂದು ಬರೆದಿದ್ದರು. ಛತ್ರದವರು ತಮ್ಮ ಕಾರ್ತಿಕ ಕೃಷ್ಣ ಪಂಚಮಿಗೆ, ಎಂದರೆ ದೀಪಾವಳಿಗೂ ಮುಂಚೆಯೇ, ಕೋಣೆಯನ್ನು ಇರಿಸಿ, ಯಾರೂ ಬರಲಿಲ್ಲವೆಂದು ಬೇಸರಪಟ್ಟುಕೊಂಡರು. ಇವರು ಸರಿಯಾಗಿ ಒಂದು ತಿಂಗಳ ಮೇಲೆ ಪೆಟ್ಟಿಗೆಗಳೊಡನೆ ಹೋಗಿ ಬಾಗಿಲಿನಲ್ಲಿ ನಿಂತರು! ಇಬ್ಬರದೂ ತಪ್ಪಲ್ಲ. ಕಾಗದದಲ್ಲಿ ತಿಥಿಯೊಡನೆ ಇಂಗ್ಲಿಷ್ ತಾರೀಖನ್ನೂ ಕಾಣಿಸುವುದು ಲೇಸು.

ಆಯಾ ದಿನದ ಹವೆಯನ್ನು ಈಗ ಮೊಬೈಲಿನಲ್ಲಿಯೇ ನೋಡಬಹುದಲ್ಲ ಎಂದು ನಮ್ಮ ಮೊಮ್ಮಗನು ಹೇಳುತ್ತಾನೆ. ನಿಜ. ಆದರೆ ರೈಲಿನ ಟಿಕೆಟನ್ನು ೬೦ ದಿನ ಮುಂಚಿತವಾಗಿ ತೆಗೆಯುವ ನಿಯಮವು ೨೦೨೪ರ ನವೆಂಬರಿನಿಂದ ಬಂದಿದೆ. ಮೊದಲ ದಿನವೇ ತೆಗೆಯದವರಿಗೆ ಸ್ಥಳ ಸಿಕ್ಕುವುದು ಕಷ್ಟ. ಎರಡು ತಿಂಗಳ ಮುಂದಿನ ಮಂಜನ್ನು ಯಾವ ಯಂತ್ರವು ಹೇಳಬಲ್ಲುದು? ಅದನ್ನು ಋತುವಿನ ಜ್ಞಾನದಿಂದಲೇ ಊಹಿಸಬೇಕು.

ಮಂಜು ಎಂದೆವಷ್ಟೆ. ಡಿಸೆಂಬರ್ ನಡುವಿನಿಂದ ಜನವರಿ ಮುಗಿಯುವವರೆಗೆ ಅದರದೇ ರಾಜ್ಯಭಾರ. ಮೈಸೂರಿನ ಜನವರಿಯ ರಾತ್ರಿಯಲ್ಲಿ ೧೬ ಡಿಗ್ರಿಗೆ ನಾವು ರಗ್ಗು ಹೊದೆಯುತ್ತೇವೆ. ಕಾಶಿಯಲ್ಲಿ ಆಗ ಸರಾಸರಿ ೯, ಕೆಲವು ರಾತ್ರಿ ೫ಕ್ಕೂ ಕೆಳಗೆ. ಕೆಲವು ದಿನ ಸೂರ್ಯನೇ ಕಾಣುವುದಿಲ್ಲ. ಗಾಡಿಗಳು ಆರು ಗಂಟೆ, ಹತ್ತು ಗಂಟೆ ತಡವಾಗುತ್ತವೆ. ಮೊಗಲ್‌ಸರಾಯಿ ಎಂದು ನಮ್ಮ ಹಿರಿಯರು ಕರೆಯುತ್ತಿದ್ದ, ೨೦೧೮ರಿಂದ ಪಂಡಿತ ದೀನದಯಾಳ ಉಪಾಧ್ಯಾಯರ ಹೆಸರನ್ನು ಹೊತ್ತಿರುವ ಜಂಕ್ಷನ್ನಿನಲ್ಲಿ ನಡುರಾತ್ರಿ ಕೂಸುಮರಿಗಳೊಡನೆ ಕಾಯುವ ಸುಖವನ್ನು ನಾವು ಯಾರಿಗೂ ಹಾರೈಸೆವು. ಆ ತಿಂಗಳುಗಳಲ್ಲಿ ಇರುವ ಒಂದೇ ಸಮಾಧಾನವೆಂದರೆ ‘ಮಲೈಯೋ’ ಎಂಬ ಹಾಲಿನ ನೊರೆಯ ಸಿಹಿ. ಚಳಿಗಾಲದ ಮುಂಜಾನೆಗಳಲ್ಲಿ ಮಾತ್ರ ಮಣ್ಣಿನ ಕುಡಿಕೆಗಳಲ್ಲಿ ಮಾರುತ್ತಾರೆ, ಬಿಸಿಲೇರಿದರೆ ಕರಗಿಹೋಗುತ್ತದೆ.

ಉಳಿದುದು ಎರಡು ಕಾಲ. ದೀಪಾವಳಿಯಾದ ಮೇಲಿನಿಂದ ಡಿಸೆಂಬರ್ ಮೊದಲ ವಾರದವರೆಗೆ ಒಂದು. ಫೆಬ್ರವರಿಯ ಎರಡನೆಯ ವಾರದಿಂದ ಮಾರ್ಚಿಯ ನಡುವಿನವರೆಗೆ ಮತ್ತೊಂದು. ಎರಡನೆಯದರಲ್ಲಿ ಶಿವರಾತ್ರಿಯ ಜನಸಂದಣಿಯೂ ಹೋಳಿಯ ಬಣ್ಣದ ಗಲಾಟೆಯೂ ನಡುವೆ ಬರುತ್ತವೆ. ಮೊದಲನೆಯದರಲ್ಲಿ ಕಾರ್ತಿಕ ಹುಣ್ಣಿಮೆಯ ದೇವದೀಪಾವಳಿಯಂದು ಘಾಟುಗಳೆಲ್ಲ ಹಣತೆಗಳಿಂದ ಬೆಳಗುತ್ತವೆಯೆಂಬುದು ನಿಜವಾದರೂ, ಅಂದು ಕೋಣೆಯ ಬಾಡಿಗೆಯು ಆಕಾಶಕ್ಕೆ ಏರುತ್ತದೆ. ವೃದ್ಧರಿಗೆ ಕಾಲಿಡಲು ಸ್ಥಳವಿರುವುದಿಲ್ಲ. ಆ ಹುಣ್ಣಿಮೆ ಕಳೆದ ಮೂರು ದಿನಕ್ಕೆ ತಲಪುವಂತೆ ಹೊರಡಿರೆಂಬುದು ನಮ್ಮ ಅಭಿಪ್ರಾಯ. ನಿವೃತ್ತರಾದ ವರ್ಷ ನಾವೂ ನಮ್ಮ ಮನೆಯಾಕೆಯೂ ಹಾಗೆಯೇ ಹೋದೆವು. ಮೊದಲು ಮೈಸೂರು ಘಾಟೆನಿಸಿಕೊಂಡಿದ್ದ ಈಗಿನ ಕರ್ನಾಟಕ ಘಾಟಿನ ಮೆಟ್ಟಿಲಿನ ಮೇಲೆ ಬೆಳಗಿನ ಎಳೆಬಿಸಿಲಿಗೆ ಬೆನ್ನೊಡ್ಡಿ ಇಬ್ಬರೂ ಒಂದು ಗಂಟೆಯ ಹೊತ್ತು ಕುಳಿತಿದ್ದೆವು. ತೆಳುವಾದ ಶಾಲೊಂದು ಸಾಕಾಗಿತ್ತು. ಪಕ್ಕದಲ್ಲಿ ನಮ್ಮ ಕಡೆಯ ಮುದುಕಿಯೊಬ್ಬರು ಸೀರೆಯನ್ನು ಹಿಂಡಿ ಹರವುತ್ತಿದ್ದರು. ನಮ್ಮ ಮನೆಯಾಕೆ ಅವರನ್ನೂ ನೋಡಿದಳು, ನಮ್ಮನ್ನೂ ನೋಡಿದಳು, ಏನನ್ನೂ ಹೇಳಲಿಲ್ಲ. ನಾವೂ ಹೇಳಲಿಲ್ಲ.

ಇನ್ನು ಗಂಟು ಕಟ್ಟುವ ವಿಷಯ. ನವೆಂಬರಿಗೆ ಹೊರಡುವವರು ಒಬ್ಬೊಬ್ಬರಿಗೆ ಒಂದು ಸ್ವೆಟರು, ಒಂದು ಶಾಲು, ವೃದ್ಧರಿಗೆ ಕಿವಿ ಮುಚ್ಚುವ ಕುಲಾವಿ, ಎರಡು ಜೊತೆ ಕಾಲುಚೀಲಗಳನ್ನು ಇಟ್ಟುಕೊಂಡರೆ ಆಯಿತು. ಡಿಸೆಂಬರಿನ ಕಡೆಗೆ ಹೋಗುವ ಹಟವಿದ್ದವರು ಇದರ ಎರಡರಷ್ಟನ್ನು ಒಯ್ಯಬೇಕು. ಮಡಿಗೆ ರೇಷ್ಮೆಗಿಂತ ಉಣ್ಣೆಯ ಧಾಬಳಿ ಮೇಲು. ಬೆಚ್ಚನೆಯ ಬಟ್ಟೆಗಳನ್ನು ಪೆಟ್ಟಿಗೆಯ ತಳದಲ್ಲಿ ಹಾಕಬಾರದು. ನಾಗಪುರವನ್ನು ಕಳೆದು ಜಬಲ್ಪುರದ ಕಡೆಗೆ ಗಾಡಿಯು ಸಾಗುವ ಎರಡನೆಯ ರಾತ್ರಿಯೇ ಅವು ಬೇಕಾಗುತ್ತವೆ. ಆ ಹೊತ್ತಿನಲ್ಲಿ ಮಲಗಿದವರನ್ನೆಲ್ಲ ಎಬ್ಬಿಸಿ ಸೀಟಿನ ಕೆಳಗಿನ ಪೆಟ್ಟಿಗೆಯನ್ನು ಎಳೆಯುವುದು ಆಗದ ಮಾತು. ಸ್ನಾನಕ್ಕೆ ದಪ್ಪ ಟವೆಲುಗಳು ಬೇಡ. ಮಂಜಿನಲ್ಲಿ ಅವು ಮೂರು ದಿನವಾದರೂ ಆರುವುದಿಲ್ಲ. ತೆಳುವಾದ ಪಂಚೆ, ಅಂಗವಸ್ತ್ರಗಳು ಒಬ್ಬರಿಗೆ ಮೂರು ಇರಲಿ. ಕೊಬ್ಬರಿಯೆಣ್ಣೆಯನ್ನು ಕಿರುಬಾಯಿಯ ಸೀಸೆಯಲ್ಲಿ ಒಯ್ದರೆ ಅದು ಅಲ್ಲಿ ತುಪ್ಪದಂತೆ ಗಟ್ಟಿಯಾಗಿ, ಒಂದು ತೊಟ್ಟೂ ಹೊರಬರುವುದಿಲ್ಲ. ಅಗಲಬಾಯಿಯ ಡಬ್ಬಿಯಲ್ಲಿ ಹಾಕಿಕೊಳ್ಳಿರಿ. ಒಣಚಳಿಗೆ ಹಿಮ್ಮಡಿ ಬಿರಿಯುವುದರಿಂದ ಅದು ಬೇಕೇಬೇಕು. ಒದ್ದೆಯ ಮೆಟ್ಟಿಲಿನ ಮೇಲೆ ಜಾರದ ರಬ್ಬರಿನ ಚಪ್ಪಲಿ, ಒಂದು ಊರುಗೋಲು, ನಿತ್ಯದ ಔಷಧಿಗಳು ಕೈಚೀಲದಲ್ಲಿಯೇ ಇರಬೇಕು. ವಿಶ್ವನಾಥನ ದೇವಾಲಯದೊಳಕ್ಕೆ ಮೊಬೈಲನ್ನು ಬಿಡುವುದಿಲ್ಲವಾದುದರಿಂದ ಛತ್ರದ ವಿಳಾಸವನ್ನು ಚೀಟಿಯಲ್ಲಿ ಬರೆದು ಪ್ರತಿಯೊಬ್ಬ ವೃದ್ಧರ ಸೊಂಟದ ಚೀಲದಲ್ಲಿ ಇಡಿರಿ. ಹೋಗುವಾಗ ಪೆಟ್ಟಿಗೆಯ ಕಾಲುಭಾಗವನ್ನು ಬರಿದಾಗಿ ಬಿಟ್ಟಿರಿ. ಗಂಗೆಯ ಗಿಂಡಿಗಳು, ಕಾಶೀದಾರ, ಸೊಸೆಯಂದಿರಿಗೊಂದೊಂದು ಸೀರೆ, ಇವು ಕೊಳ್ಳದೆ ಬರತಕ್ಕವಲ್ಲವಷ್ಟೆ.

ನಮ್ಮ ಪತ್ರಲೇಖಕ ಮಹಾಶಯರಿಗೆ ಈಗ ಉತ್ತರ. ಮಕ್ಕಳು ಬರಲೇಬೇಕೆಂದಿದ್ದರೆ ದಸರೆಯ ರಜೆಯು ಅಕ್ಟೋಬರ್ ನಡುವಿಗೆ ಬಿದ್ದ ವರ್ಷ ಹೋಗಬಹುದು. ಮೆಕ್ಕಲು ಸ್ವಲ್ಪ ಉಳಿದಿರುತ್ತದೆ, ಮಧ್ಯಾಹ್ನದ ಬಿಸಿಲು ಸ್ವಲ್ಪ ಚುರುಕಾಗಿರುತ್ತದೆ, ಸಹಿಸಬಹುದು. ಅದಕ್ಕಿಂತಲೂ, ಮಕ್ಕಳನ್ನು ಅಜ್ಜಿಯ ಮನೆಯಲ್ಲಿ ಬಿಟ್ಟು, ತಾವು ಹತ್ತು ದಿನದ ರಜೆಯನ್ನು ಬೇಡಿ, ಬರುವ ಕಾರ್ತಿಕ ಹುಣ್ಣಿಮೆಯನ್ನು ಕಳೆದು ತಂದೆತಾಯಿಗಳನ್ನು ಕರೆದೊಯ್ಯುವುದು ಉತ್ತಮ. ಮಕ್ಕಳಿಗೆ ಕಾಶಿಯನ್ನು ನೋಡುವುದಕ್ಕೆ ಇನ್ನೂ ಐವತ್ತು ನವೆಂಬರುಗಳಿವೆ. ಮೇ ತಿಂಗಳ ಟಿಕೆಟನ್ನು ಆಗಲೇ ತೆಗೆದಿದ್ದರೆ ಹಿಂದಕ್ಕೆ ಕೊಟ್ಟುಬಿಡಿರಿ; ಸ್ವಲ್ಪ ಹಣವನ್ನು ಹಿಡಿದುಕೊಳ್ಳುತ್ತಾರೆ, ಹೋಗಲಿ.